ತೆರವಾದ ಕೋಣೆಯ ಬೀಗದಕೈ



ಇಲ್ಲಿನ ಜ್ಞಾನಭಾರತಿಯಲ್ಲಿ ಒಂದು ವಿದ್ಯಾರ್ಥಿನಿಲಯವನ್ನು ಊಹಿಸಿಕೊಳ್ಳಿ. ಓದು ಮುಗಿಸಿದ ವಿದ್ಯಾರ್ಥಿಯೊಬ್ಬ ಕೋಣೆಯನ್ನು ತೆರವು ಮಾಡಿ ಹೊರಟ. ಮೇಲ್ವಿಚಾರಕರು ದಾಖಲೆ ಪುಸ್ತಕದಿಂದ ಅವನ ಹೆಸರನ್ನು ಹೊಡೆದುಹಾಕಿ, ಕೋಣೆಯನ್ನು ಹೊಸಬನಿಗೆ ಕೊಟ್ಟರು. ಎಲ್ಲವೂ ಕ್ರಮಬದ್ಧವೇ. ಆದರೆ ಬೀಗದಕೈ ಮಾತ್ರ ಹಳಬನ ಕಿಸೆಯಲ್ಲಿಯೇ ಉಳಿಯಿತು. ಅವನು ಯಾವಾಗ ಬೇಕಾದರೂ ಬಂದು ಹೊಸಬನ ಪೆಟ್ಟಿಗೆಯನ್ನು ತಡಕಬಹುದು, ಅವನ ಟಿಪ್ಪಣಿಗಳನ್ನು ತಿದ್ದಿಯೂ ಹೋಗಬಹುದು.

ನಮ್ಮ ಮೊಬೈಲ್ ಫೋನುಗಳಲ್ಲಿ ಇಂಥದೇ ಪ್ರಮಾದವೊಂದು 2022ರಲ್ಲಿ ಬೆಳಕಿಗೆ ಬಂತು. ಪರದೆಯ ಚಿತ್ರಗಳನ್ನು ಮೂಡಿಸಲು ಅನೇಕ ಫೋನುಗಳಲ್ಲಿ ‘ಮಾಲಿ’ ಎಂಬ ಚಿಪ್ ಉಂಟು. ಅದನ್ನು ರೂಪಿಸಿದ್ದು ಇಂಗ್ಲೆಂಡಿನ ಕೇಂಬ್ರಿಜ್‌ನ ಆರ್ಮ್ ಸಂಸ್ಥೆ. ಬೆಂಗಳೂರಿನಲ್ಲಿಯೂ ಅದಕ್ಕೆ ಕಚೇರಿಯುಂಟು. ಚಿಪ್ಪಿಗೂ ಫೋನಿನ ವ್ಯವಸ್ಥೆಗೂ ನಡುವೆ ದುಭಾಷಿಯಂತೆ ನಿಲ್ಲುವ ತಂತ್ರಾಂಶಕ್ಕೆ ಡ್ರೈವರ್ ಎಂದು ಹೆಸರು. ಚಿತ್ರ ಬರೆಯಿಸಬೇಕಾದ ಆಪ್‌ಗಳೆಲ್ಲ ಅದರ ಬಾಗಿಲಿಗೆ ಬರಬೇಕು. ಅದೋ, ವ್ಯವಸ್ಥೆಯ ಗರ್ಭಗುಡಿಯಲ್ಲಿ ಓಡಾಡುವ ಅಧಿಕಾರವುಳ್ಳದ್ದು. ಗೂಗಲ್‌ನ ‘ಪ್ರಾಜೆಕ್ಟ್ ಜೀರೋ’ ತಂಡದ ಯಾನ್ ಹಾರ್ನ್ ಅದರಲ್ಲಿ 5 ದೋಷಗಳನ್ನು ಕಂಡರು. ಅವುಗಳಲ್ಲಿ 3 ಬೀಗದಕೈಯ ಜಾತಿಯವು: ಮೆಮೊರಿಯ ಪುಟಗಳನ್ನು ವ್ಯವಸ್ಥೆಗೆ ಹಿಂದಿರುಗಿಸಿದ ಮೇಲೂ ಅವನ್ನು ಓದುವ, ಅವುಗಳಲ್ಲಿ ಬರೆಯುವ ದಾರಿ ತೆರೆದೇ ಇತ್ತು. ಅಷ್ಟರಲ್ಲಿ ಆ ಪುಟಗಳು ಯಾರ ಗುಟ್ಟಿಗೆ ಮನೆಯಾಗಿರುವುವೋ ಬಲ್ಲವರಾರು?

ಜೂನ್ ಮತ್ತು ಜುಲೈ ತಿಂಗಳಲ್ಲಿ ಆರ್ಮ್ ಸಂಸ್ಥೆಗೆ ವರದಿ ಹೋಯಿತು. ಜುಲೈ, ಆಗಸ್ಟ್ ಹೊತ್ತಿಗೆ ಅದು ದೋಷಗಳನ್ನು ತಿದ್ದಿತು. ಇದು ಮೆಚ್ಚತಕ್ಕ ವೇಗವೇ ಸರಿ. ಆದರೆ ನವೆಂಬರಿನಲ್ಲಿ ತಂಡದವರು ತಮ್ಮಲ್ಲಿದ್ದ ಮಾಲಿ ಚಿಪ್ಪಿನ ಫೋನುಗಳನ್ನು ಪರೀಕ್ಷಿಸಿದರೆ, ತಿದ್ದುಪಡಿ ಒಂದಕ್ಕೂ ಮುಟ್ಟಿರಲಿಲ್ಲ. ಗೂಗಲ್‌ನದೇ ಆದ ಪಿಕ್ಸೆಲ್ ಫೋನೂ ಇದಕ್ಕೆ ಹೊರತಾಗಿರಲಿಲ್ಲ. ಚಿಪ್ ರೂಪಿಸಿದವರಿಂದ ಫೋನ್ ತಯಾರಕರಿಗೆ, ಅವರಿಂದ ನಮಗೆ. ಈ ಕೈಬದಲಾವಣೆಯ ನಡುವೆ ತಿಂಗಳುಗಳು ಸೋರಿಹೋಗಿದ್ದವು.

ಪುಸ್ತಕಗಳ ನಡುವೆ ಬಾಳಿದವನಿಗೆ ಇದು ಅಪರಿಚಿತವಲ್ಲ. ಒಪ್ಪೋಲೆ ಅಚ್ಚಾಗಿ ಮುದ್ರಣಾಲಯದಲ್ಲಿಯೇ ಕುಳಿತಿದ್ದರೆ, ಓದುಗ ತಪ್ಪನ್ನೇ ಸರಿಯೆಂದು ಓದುತ್ತಾನೆ. ತಿದ್ದುವುದು ವಿದ್ವತ್ತು, ತಿದ್ದಿದ್ದನ್ನು ತಲುಪಿಸುವುದು ಧರ್ಮ. ತಪ್ಪು ಯಾರಿಗೂ ತಪ್ಪಿದ್ದಲ್ಲ. ಆದರೆ ಅದು ಲೋಕಕ್ಕೆಲ್ಲ ತಿಳಿದ ಮೇಲೂ ಬಾಗಿಲು ಹಾಗೆಯೇ ಇದ್ದರೆ, ಕಳ್ಳನಿಗೆ ನಾವೇ ದಾರಿ ತೋರಿಸಿದಂತೆ.

ನನ್ನ ಹಳೆಯ ಫೋನಿಗೆ ತಿದ್ದುಪಡಿಗಳು ಬರುವುದು ನಿಂತುಹೋಗಿದೆ. ನೋಡಲು ಇನ್ನೂ ಗಟ್ಟಿಮುಟ್ಟು; ಕರೆಗೆ ಓಗೊಡುತ್ತದೆ. ಆದರೂ ಪಿಂಚಣಿಯ ಲೆಕ್ಕವನ್ನು ಅದರಿಂದ ತೆಗೆದುಬಿಟ್ಟೆ. ಇಂದು ರಾತ್ರಿ ತಮ್ಮ ಫೋನು ‘ಅಪ್‌ಡೇಟ್ ಬಂದಿದೆ’ ಎಂದು ಹೇಳಿದರೆ ‘ಆಮೇಲೆ’ ಎನ್ನಬೇಡಿ. ಬಹು ದೂರ ನಡೆದು ಬಂದ ಒಪ್ಪೋಲೆ ಅದು.