ಅರ್ಧ ಅಂಕ ಹೋದ ಲೆಕ್ಕ
(ಸುವರ್ಣ ಮಹೋತ್ಸವದ ಗುರುವಂದನಾ ಸಭೆಯಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬರು ಆಡಿದ ಮಾತು)



ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಅರ್ಧ ಅಂಕದ ಕಥೆಯೊಂದನ್ನು ಹೇಳುತ್ತೇನೆ.

ಹತ್ತನೇ ತರಗತಿಯ ಕಿರುಪರೀಕ್ಷೆ. 8, 17, 15 ಸೆಂ.ಮೀ. ಬಾಹುಗಳಿರುವ ತ್ರಿಭುಜ ಲಂಬಕೋನ ತ್ರಿಭುಜವೇ ಎಂದು ಪ್ರಶ್ನೆ. ಅತಿ ಉದ್ದದ ಬಾಹುವನ್ನು ಮೊದಲು ಆರಿಸಿಕೊಳ್ಳಬೇಕೆಂದು ನನಗೆ ಗೊತ್ತಿತ್ತು. 17ರ ವರ್ಗ 289. 64ಕ್ಕೆ 225 ಕೂಡಿದರೂ 289. 'ಪೈಥಾಗೊರಸ್ ಪ್ರಮೇಯದ ಪ್ರಕಾರ ಇದು ಲಂಬಕೋನ ತ್ರಿಭುಜ' ಎಂದು ಬರೆದೆ. ಮೇಷ್ಟ್ರು ಅರ್ಧ ಅಂಕ ಕಳೆದರು! ಉತ್ತರ ಸರಿಯಿದೆಯಲ್ಲ ಸಾರ್ ಎಂದು ವಾದಕ್ಕೇ ಹೋದೆ.

"ಮಳೆ ಬಂದರೆ ಅಂಗಳ ನೆನೆಯುತ್ತೆ. ಅಂಗಳ ನೆನೆದಿದೆ ಅಂದ ಮಾತ್ರಕ್ಕೆ ಮಳೆ ಬಂತು ಅಂತೀಯೇನಮ್ಮ? ನಿಮ್ಮಮ್ಮ ನೀರು ಹಾಕಿರಬಾರದೆ?" ಎಂದರು.

ಲಂಬಕೋನವಿದ್ದರೆ ವರ್ಗಗಳು ಹೊಂದುತ್ತವೆ ಎನ್ನುವುದು ಪ್ರಮೇಯ. ವರ್ಗಗಳು ಹೊಂದಿದರೆ ಲಂಬಕೋನವಿದೆ ಎನ್ನುವುದು ಅದರ ವಿಲೋಮ. ಯೂಕ್ಲಿಡ್ ತನ್ನ ಮೊದಲ ಪುಸ್ತಕದಲ್ಲಿ 47ನೆಯದಾಗಿ ಪ್ರಮೇಯವನ್ನೂ 48ನೆಯದಾಗಿ ವಿಲೋಮವನ್ನೂ ಬೇರೆಬೇರೆಯಾಗಿಯೇ ಸಾಧಿಸಿದ್ದಾನೆ. ಸಾಧನೆ ಸುಲಭ. 8 ಮತ್ತು 15ರ ನಡುವೆ ಲಂಬಕೋನವಿಟ್ಟು ಇನ್ನೊಂದು ತ್ರಿಭುಜ ಎಳೆಯಿರಿ. ಪ್ರಮೇಯದಂತೆ ಅದರ ವಿಕರ್ಣ 17. ಮೂರೂ ಬಾಹು ಸಮವಾದ್ದರಿಂದ ಎರಡೂ ಸರ್ವಸಮ. ಹಾಗಾಗಿ ನಮ್ಮ ತ್ರಿಭುಜದಲ್ಲೂ ಅದೇ ಲಂಬಕೋನ. ಆವತ್ತು ಇದು ತಲೆಗೆ ಹೋಯಿತು, ಸಿಟ್ಟು ಮಾತ್ರ ಇಳಿಯಲಿಲ್ಲ.

ವರ್ಷಗಳ ಮೇಲೆ 30-40 ಸೈಟಿನಲ್ಲಿ ಕಾಂಪೌಂಡಿಗೆ ಪಾಯ ಗುರುತು ಹಾಕಿಸುತ್ತಿದ್ದೆ. ಮೇಸ್ತ್ರಿ ಮೂಲೆಯಲ್ಲಿ ಮೂರಡಿ, ನಾಲ್ಕಡಿ, ಐದಡಿ ಹಿಡಿದು ದಾರ ಕಟ್ಟಿದ್ದರು. ಅದೂ ವಿಲೋಮವೇ. ಬೌಧಾಯನ ಶುಲ್ಬಸೂತ್ರದಲ್ಲೂ ಈ 3-4, 5-12, 8-15ರ ಜೋಡಿಗಳಿವೆ. ಶುಲ್ಬ ಎಂದರೆ ಹಗ್ಗ. ನಾಲ್ಕೂ ಬದಿ ಅಳತೆಗೆ ಸರಿಯಾಗಿದ್ದವು. ಆದರೂ ಕರ್ಣ ಹಿಡಿಯೋಣ ಎಂದೆ.

"ಮೂವತ್ತು ವರ್ಷದಿಂದ ಇದೇ ಕೆಲಸ ಅಕ್ಕಾ" ಎಂದು ಗೊಣಗುತ್ತಲೇ ಟೇಪಿನ ತುದಿ ಹಿಡಿದರು.

30ಕ್ಕೂ 40ಕ್ಕೂ ಕರ್ಣ ಸರಿಯಾಗಿ 50 ಬರಬೇಕು. ಬಂದದ್ದು 50 ಅಡಿ 9 ಇಂಚು. ಇನ್ನೊಂದು ಕರ್ಣ 49 ಅಡಿ 3 ಇಂಚು. ಮೂಲೆಯ ಪುಟ್ಟ ತ್ರಿಭುಜದಲ್ಲಿ ಒಂದಿಂಚಿಗಿಂತ ಕಡಿಮೆ ತಪ್ಪಿದ್ದು ಹತ್ತುಪಟ್ಟು ದೊಡ್ಡದರಲ್ಲಿ ಒಂಬತ್ತು ಇಂಚಾಗಿತ್ತು. ಹಾಗೇ ಕಟ್ಟಿದ್ದರೆ ಹಿಂದಿನ ಮೂಲೆ ಪಕ್ಕದವರ ಸೈಟಿನೊಳಗೆ ಸುಮಾರು ಒಂದೂಕಾಲು ಅಡಿ ನುಗ್ಗುತ್ತಿತ್ತು. ಅವರೇನು ಸುಮ್ಮನಿರುತ್ತಿದ್ದರೇ?

ಹಿಂದಿನ ಗೂಟ ಎರಡನ್ನೂ ಕಿತ್ತು ಸರಿಸಿ, ಎರಡೂ ಕರ್ಣ 50ಕ್ಕೆ ಬರುವಷ್ಟರಲ್ಲಿ ಮಧ್ಯಾಹ್ನವಾಯಿತು. ಮೇಸ್ತ್ರಿಯವರು ಈಗ ಎಲ್ಲಿ ಕೆಲಸ ಹಿಡಿದರೂ ಕರ್ಣ ನೋಡಿಯೇ ಸುಣ್ಣದ ಗೆರೆ ಎಳೆಯುತ್ತಾರಂತೆ.

ಮಕ್ಕಳೇ, ಟೇಪು ನನ್ನ ಚೀಲದಲ್ಲೇ ಇದೆ. ಊಟವಾದ ಮೇಲೆ ಬನ್ನಿ, ಈ ವೇದಿಕೆಯ ಮೂಲೆಗಳನ್ನು ನೋಡಿಬಿಡೋಣ.