ಮನೆಯೂ ಮಳೆಯೂ



“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆಯನ್ನು ತಾವೆಲ್ಲರೂ ಬಲ್ಲಿರಿ. ಈ ಗಾದೆಯನ್ನು ಹೇಳಿದ ಹಿರಿಯರು ಮೂರನೆಯ ಮಾತೊಂದನ್ನು ಮರೆತರೆಂದು ನನಗೆ ಬಹುಕಾಲದಿಂದ ತೋರಿದೆ. ಮದುವೆಯ ವೆಚ್ಚ ಕೆಲವು ದಿನಗಳಲ್ಲಿ ಮುಗಿಯುತ್ತದೆ. ಕಟ್ಟುವ ವೆಚ್ಚ ಗೃಹಪ್ರವೇಶದೊಂದಿಗೆ ಮುಗಿಯಿತೆಂದು ನಂಬುತ್ತೇವೆ. ಕಟ್ಟಿದ ಮನೆಯನ್ನು ಉಳಿಸಿಕೊಂಡು ನೋಡು ಎಂದು ಮಾತ್ರ ಯಾರೂ ಎಚ್ಚರಿಸಲಿಲ್ಲ. ಬಾಡಿಗೆಯ ಮನೆಯಲ್ಲಿರುವಷ್ಟು ಕಾಲ ಮಾಡು ಸೋರಿದರೆ ಮನೆಯ ಯಜಮಾನನನ್ನು ಬೈದು ಮನಸ್ಸಿಗೆ ಸಮಾಧಾನ ತಂದುಕೊಳ್ಳಬಹುದು. ಸ್ವಂತ ಮನೆಗೆ ಬಂದವನಿಗೆ ಆ ಸುಖವೂ ಇಲ್ಲ.

ನಾನು ಶಿಲ್ಪಿಯಲ್ಲ, ಎಂಜಿನಿಯರನೂ ಅಲ್ಲ. ಮೈಸೂರಿನ ಹಳೆಯ ಅಗ್ರಹಾರವೊಂದರಲ್ಲಿ ತಂದೆಯವರು ಬಿಟ್ಟುಹೋದ ಮನೆಯನ್ನು ಇಪ್ಪತ್ತು ವರ್ಷಗಳಿಂದ ಕಾಪಾಡಿಕೊಂಡು ಬಂದಿರುವ ಒಬ್ಬ ಗೃಹಸ್ಥ. ಆ ಮನೆಗೆಂದು ಮಾಡಿದ ವೆಚ್ಚವನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಈ ಭಾಷಣಕ್ಕಾಗಿ ಅದನ್ನು ಮೊದಲಿನಿಂದ ತಿರುವಿಹಾಕಿದಾಗ ಒಂದು ಸಂಗತಿ ಸ್ಪಷ್ಟವಾಯಿತು. ದುರಸ್ತಿಗೆ ಸುರಿದ ಹಣದ ಬಹುಭಾಗವು ನೀರಿನ ಪಾಲಾಗಿದೆ. ತೊಲೆ ಕೊಳೆತದ್ದು ನೀರಿನಿಂದ, ಗೋಡೆ ಉದುರಿದ್ದು ನೀರಿನಿಂದ, ಗೆದ್ದಲು ಬಂದದ್ದೂ ನೀರಿನ ತೇವವನ್ನು ಹುಡುಕಿಕೊಂಡು. ಆದಕಾರಣ ಮನೆಯ ಸಂರಕ್ಷಣೆಯೆಂಬ ವಿಸ್ತಾರವಾದ ವಿಷಯದಲ್ಲಿ ಇಂದು ನೀರಿನ ಮಾತನ್ನು ಮಾತ್ರ ಆಡುತ್ತೇನೆ.

ನಮ್ಮ ಮಾಡಿನ ಮೇಲೆ ಬೀಳುವ ನೀರೆಷ್ಟೆಂದು ನಮ್ಮಲ್ಲಿ ಅನೇಕರು ಲೆಕ್ಕ ಹಾಕಿರಲಾರರು. ಮೂವತ್ತು ಅಡಿಗೆ ನಲವತ್ತು ಅಡಿಯ ಮಾಡನ್ನು ತೆಗೆದುಕೊಳ್ಳೋಣ. ಅದು ೧,೨೦೦ ಚದರಡಿ, ಅಂದರೆ ಸುಮಾರು ೧೧೧ ಚದರ ಮೀಟರು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರಾಗುತ್ತದೆ. ಮೈಸೂರಿನಲ್ಲಿ ವರ್ಷಕ್ಕೆ ಸರಾಸರಿ ೮೦೦ ಮಿಲಿಮೀಟರಿನಷ್ಟು ಮಳೆಯೆಂದು ಇಟ್ಟುಕೊಂಡರೂ ಆ ಮಾಡಿನ ಮೇಲೆ ಹೆಚ್ಚುಕಡಮೆ ೮೯,೦೦೦ ಲೀಟರು ನೀರು ಇಳಿಯುತ್ತದೆ. ಎಂಟು ಸಾವಿರ ಲೀಟರು ಹಿಡಿಸುವ ನೀರಿನ ಲಾರಿಗಳು ಹನ್ನೊಂದು ಬಂದು ನಮ್ಮ ತಲೆಯ ಮೇಲೆ ಸುರಿದು ಹೋದಂತೆ. ಇಷ್ಟು ನೀರಿಗೂ ನಾವು ಬಿಟ್ಟಿರುವ ದಾರಿ ಎರಡೋ ಮೂರೋ ಅಂಗೈಯಗಲದ ರಂಧ್ರಗಳು. ಅವುಗಳಲ್ಲೊಂದಕ್ಕೆ ನಾಲ್ಕು ಮಾವಿನೆಲೆಗಳು ಅಡ್ಡ ಬಂದರೆ ಸಾಕು.

ನಮ್ಮ ಮನೆಯಲ್ಲಿ ಆದದ್ದು ಇಷ್ಟೇ. ಮನೆಯ ಮುಂಭಾಗಕ್ಕೆ ಮಂಗಳೂರು ಹೆಂಚು. ಹಿಂದಿನ ಎರಡು ಕೋಣೆಗಳಿಗೆ ಮದರಾಸು ತಾರಸಿ. ಈ ತಾರಸಿಯ ಕ್ರಮವನ್ನು ಕಾಣದ ಕಿರಿಯರಿಗಾಗಿ ಎರಡು ಮಾತು. ಮರದ ತೊಲೆಗಳ ಮೇಲೆ ಜಂತೆಗಳನ್ನು ಹಾಸಿ, ಅವುಗಳ ಮೇಲೆ ತೆಳುವಾದ ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ ಗಾರೆಯಿಂದ ಕೂಡಿಸುತ್ತಿದ್ದರು. ಅದರ ಮೇಲೆ ಇಟ್ಟಿಗೆಯ ಚೂರು ಮತ್ತು ಸುಣ್ಣ ಬೆರೆಸಿದ ದಪ್ಪನೆಯ ಪದರ. ಬೆಲ್ಲವನ್ನೂ ಅಳಲೆಕಾಯಿಯನ್ನೂ ನೆನೆಸಿದ ನೀರನ್ನು ಚಿಮುಕಿಸುತ್ತ ಆಳುಗಳು ಸಾಲಾಗಿ ಕುಳಿತು ಮರದ ಹಲಗೆಗಳಿಂದ ಅದನ್ನು ದಿನಗಟ್ಟಲೆ ಬಡಿಯುತ್ತಿದ್ದರು. ಕೊನೆಗೆ ಚಪ್ಪಟೆಯ ಬಿಲ್ಲೆಗಳು. ಹೀಗೆ ಮಾಡಿದ ಮಾಡು ಬೇಸಗೆಯಲ್ಲಿ ತಂಪು, ಸರಿಯಾಗಿ ನೋಡಿಕೊಂಡರೆ ಮೂರು ತಲೆಮಾರು ಬಾಳುತ್ತದೆ.

ನಾವು ಸರಿಯಾಗಿ ನೋಡಿಕೊಳ್ಳಲಿಲ್ಲ. ಹಿಂದಿನ ಕೋಣೆಯ ಮೂಲೆಯಲ್ಲಿ ಮೊದಲು ಅಂಗೈಯಷ್ಟು ಕಂದು ಕಲೆ ಕಾಣಿಸಿತು. ಮರುವರ್ಷ ಅದು ತಟ್ಟೆಯಷ್ಟಾಯಿತು. ನಾನಾಗ ಉದ್ಯೋಗದ ನಿಮಿತ್ತ ಬೇರೆ ಊರಿನಲ್ಲಿದ್ದೆ, ಮನೆಯಲ್ಲಿ ತಾಯಿಯವರೊಬ್ಬರೇ. ಅವರು ಆ ಮೂಲೆಯಲ್ಲಿ ಒಂದು ಹಿತ್ತಾಳೆಯ ಬೋಗುಣಿಯನ್ನಿಟ್ಟು, ತಮ್ಮ ಹಾಸಿಗೆಯನ್ನು ಇತ್ತ ಸರಿಸಿಕೊಂಡು, ಮೂರು ಮಳೆಗಾಲಗಳನ್ನು ಕಳೆದರು. ನನಗೆ ತಿಳಿಸಲಿಲ್ಲ, ಮಗನಿಗೆ ಖರ್ಚಿನ ಮೇಲೆ ಖರ್ಚು ಬೇಡವೆಂದು. ಬೋಗುಣಿಯನ್ನು ಕಂಡು ನಾನು ಕೇಳಿದಾಗ, “ಮಳೆ ನಿಂತರೆ ಸೋರುವುದೂ ನಿಲ್ಲುತ್ತಪ್ಪ, ನೀನ್ಯಾಕೆ ಯೋಚನೆ ಹಚ್ಚಿಕೊಳ್ಳುತ್ತೀ?” ಎಂದರು.

ಆಗ ನಾನು ಮಾಡಿದ ತಪ್ಪು ತಾಯಿಯವರ ಮೌನಕ್ಕಿಂತ ದೊಡ್ಡದು. ರಜೆ ಇದ್ದದ್ದು ಐದು ದಿನ. ಬೇಗನೆ ಮುಗಿಸಿಕೊಡುವೆನೆಂದ ಒಬ್ಬ ಕಂಟ್ರಾಕ್ಟರನಿಗೆ ಕೆಲಸ ಒಪ್ಪಿಸಿದೆ. ಆತ ತಾರಸಿಯ ಮೇಲೆ ಒಂದಂಗುಲ ದಪ್ಪ ಸಿಮೆಂಟು ಬಳಿದು, ಒಳಗಿನ ಗೋಡೆಗೂ ಸಿಮೆಂಟು ಮೆತ್ತಿ, ಮೇಲೆ ಹೊಳೆಯುವ ಬಣ್ಣ ಹೊಡೆದು ಹೋದ. ಹತ್ತೊಂಬತ್ತು ಸಾವಿರ ರೂಪಾಯಿ ಎಂದು ಪುಸ್ತಕದಲ್ಲಿದೆ. ಆ ವರ್ಷ ಒಂದು ಹನಿಯೂ ಬೀಳಲಿಲ್ಲ. ಎರಡನೆಯ ವರ್ಷ ಬಣ್ಣ ಗುಳ್ಳೆಯೆದ್ದಿತು. ಮೂರನೆಯ ವರ್ಷ ಬೋಗುಣಿ ಹಳೆಯ ಸ್ಥಾನಕ್ಕೆ ಮರಳಿತು. ನಾಲ್ಕನೆಯ ವರ್ಷದ ಅಕ್ಟೋಬರಿನಲ್ಲಿ ಗೋಡೆಯೊಳಗೆ ಹುದುಗಿದ್ದ ತೊಲೆಯ ತುದಿ ಕುಸಿದು ಮಾಡು ನಾಲ್ಕು ಬೆರಳು ಕೆಳಗಿಳಿಯಿತು. ರಾತ್ರಿ ಎರಡು ಗಂಟೆಗೆ ಮರ ಬಿರಿದ ಸದ್ದು ಕೇಳಿ ತಾಯಿಯವರು ಎದ್ದು ಹೊರಗೆ ಬಂದು ಜಗಲಿಯ ಮೇಲೆ ಬೆಳಗಿನವರೆಗೆ ಕುಳಿತಿದ್ದರು. ಅವರ ಹಾಸಿಗೆಗೂ ಆ ಮೂಲೆಗೂ ನಡುವೆ ಇದ್ದ ದೂರ ಆರು ಅಡಿ.

ನಮ್ಮ ಊರಿನವರಿಗೆ ಇಂಥ ಸದ್ದು ಅಪರಿಚಿತವಲ್ಲ. ೨೦೧೨ರ ಆಗಸ್ಟಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ೨೦೧೬ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರಭಾಗ ಬಿದ್ದಿತು. ಅವುಗಳ ಕಾರಣವನ್ನು ವಿಚಾರಿಸುವುದು ಬಲ್ಲವರ ಕೆಲಸ. ಆದರೆ ಹಳೆಯ ಕಟ್ಟಡವೊಂದು ಮೊನ್ನೆಯವರೆಗೆ ನಿಂತಿತ್ತೆಂಬುದು ನಾಳೆಯೂ ನಿಲ್ಲುವುದಕ್ಕೆ ಪ್ರಮಾಣವಲ್ಲವೆಂದು ಆ ರಾತ್ರಿ ನನಗೆ ತಿಳಿಯಿತು.

ಒಡೆದು ಹೊಸದಾಗಿ ಕಟ್ಟುವುದೇ ಸರಿಯೆಂದು ಬಂಧುಗಳು ಹೇಳಿದರು. ನನಗೂ ಹಾಗೆಯೇ ತೋರಿತ್ತು. ಅಷ್ಟರಲ್ಲಿ ನೆರೆಯವರೊಬ್ಬರು ಎಪ್ಪತ್ತು ದಾಟಿದ ಒಬ್ಬ ಮೇಸ್ತ್ರಿಯನ್ನು ಕರೆತಂದರು. ಅವರು ತಾರಸಿಯನ್ನು ಹತ್ತಿ, ಎರಡು ಕೊಡ ನೀರು ತರಿಸಿ ಸುರಿದು, ಅದು ಹರಿಯುವ ಬಗೆಯನ್ನು ನೋಡುತ್ತ ಕುಳಿತರು. ನೀರು ಹೊರಗಂಡಿಯ ಕಡೆಗೆ ಹೋಗದೆ ಮೂಲೆಯಲ್ಲಿ ಮಡುಗಟ್ಟಿ ನಿಂತಿತು. “ಸ್ವಾಮಿ, ನಿಮ್ಮ ಮಾಡು ಕೆಟ್ಟಿಲ್ಲ, ನೀರಿಗೆ ದಾರಿ ಕೆಟ್ಟಿದೆ” ಎಂದರು. ಕೈಪಿಡಿಗೋಡೆಯ ಬುಡದಲ್ಲಿ ಒಂದು ಅರಳಿಯ ಸಸಿ ಬೆಳೆದು, ಅದರ ಬೇರು ಹೊರಗಂಡಿಯನ್ನು ಮುಚ್ಚಿತ್ತು. ಎಷ್ಟೋ ಸಲ ಅದನ್ನು ಕಂಡು, ಅರಳಿಯನ್ನು ಕೀಳಬಾರದೆಂಬ ಭಕ್ತಿಯಿಂದಲೋ ಸೋಮಾರಿತನದಿಂದಲೋ ಹಾಗೆಯೇ ಬಿಟ್ಟಿದ್ದೆವು. ಎರಡೆಲೆಯ ಸಸಿಯನ್ನು ಬೆರಳಿನಿಂದ ಕೀಳಬಹುದು. ಎರಡು ವರ್ಷದ ಸಸಿಯನ್ನು ಕೀಳಬೇಕಾದರೆ ಗೋಡೆಯನ್ನೇ ಬಿಚ್ಚಬೇಕು. ಮೇಲೆ ಕತ್ತರಿಸಿದರೆ ಬೇರು ಮತ್ತೆ ಚಿಗುರುತ್ತದೆ.

ಸಿಮೆಂಟು ಏಕೆ ಸೋತಿತೆಂದು ಅವರನ್ನು ಕೇಳಿ ತಿಳಿದುಕೊಂಡೆ. ಅನಂತರ ಓದಿಯೂ ನೋಡಿದೆ. ಮರದ ಜಂತೆಗಳು ಋತುಮಾನಕ್ಕೆ ತಕ್ಕಂತೆ ಹಿಗ್ಗಿ ಕುಗ್ಗುತ್ತವೆ. ಸುಣ್ಣದ ಗಾರೆ ಮೃದುವಾದುದರಿಂದ ಆ ಚಲನೆಯನ್ನು ಅಷ್ಟಿಷ್ಟು ಸಹಿಸುತ್ತದೆ. ಗಡುಸಾದ ಸಿಮೆಂಟು ಸಹಿಸದೆ ಕೂದಲೆಳೆಯಂತೆ ಬಿರಿಯುತ್ತದೆ. ಆ ಬಿರುಕಿನಲ್ಲಿ ಇಳಿದ ನೀರು ಹಿಂದಿರುಗಿ ಆರುವುದಕ್ಕೆ ಸಿಮೆಂಟು ಎಡೆಗೊಡುವುದಿಲ್ಲ. ಗೋಡೆಯ ವಿಷಯವೂ ಹಾಗೆಯೇ. ಸುಣ್ಣದ ಗೋಡೆ ಹೀರಿದ ತೇವವನ್ನು ಗಾಳಿಗೆ ಬಿಟ್ಟುಕೊಡುತ್ತದೆ. ಅದರ ಮೇಲೆ ಸಿಮೆಂಟನ್ನೂ ಹೊಳಪಿನ ಬಣ್ಣವನ್ನೂ ಮೆತ್ತಿದರೆ ತೇವವು ಒಳಗೆ ಸಿಕ್ಕಿ ಮೇಲಕ್ಕೆ ಹತ್ತುತ್ತದೆ. ಅದರೊಡನೆ ಬಂದ ಉಪ್ಪು ಬಿಳಿಯ ಹಿಟ್ಟಿನಂತೆ ಹೊರಚೆಲ್ಲಿ ಪದರವನ್ನು ಉದುರಿಸುತ್ತದೆ. ಸಿಮೆಂಟು ಕೆಟ್ಟ ವಸ್ತುವೆಂದು ನಾನು ಹೇಳುತ್ತಿಲ್ಲ. ಸುಣ್ಣದ ಮನೆಗೆ ಅದು ಹೊಂದುವುದಿಲ್ಲ.

ಕೊನೆಗೆ ಕೊಳೆತ ಮೂರಡಿ ತೊಲೆಯನ್ನು ಕತ್ತರಿಸಿ, ಹಳೆಯ ತೇಗದ ತುಂಡೊಂದನ್ನು ಸೇರಿಸಿ, ಎರಡು ಪಕ್ಕದಲ್ಲಿಯೂ ಕಬ್ಬಿಣದ ಪಟ್ಟಿ ಬಿಗಿದರು. ಗೋಡೆಯೊಳಗೆ ತುದಿಯ ಸುತ್ತ ಬೆರಳಗಲ ಗಾಳಿಗೆ ಜಾಗ ಬಿಟ್ಟರು. ಸಿಮೆಂಟನ್ನು ಕೆತ್ತಿ ತೆಗೆದು ಸುಣ್ಣದ ಗಾರೆಯಿಂದ ಇಳಿಜಾರನ್ನು ಸರಿಪಡಿಸಿ, ಒದ್ದೆ ಗೋಣಿತಾಟನ್ನು ಹೊದಿಸಿ ನಿಧಾನವಾಗಿ ಆರಲು ಬಿಟ್ಟರು. ಒಟ್ಟು ಒಂದು ಲಕ್ಷ ಎಂಬತ್ತೆರಡು ಸಾವಿರ ರೂಪಾಯಿ. ಮೊದಲ ಕಲೆ ಕಂಡ ದಿನ ಹೊರಗಂಡಿಯನ್ನು ಬಿಡಿಸಿ ಒಂದಿಷ್ಟು ಗಾರೆ ತುಂಬಿದ್ದರೆ ಎರಡು ಆಳಿನ ಕೂಲಿಯಲ್ಲಿ ಮುಗಿಯುತ್ತಿತ್ತೆಂದು ಮೇಸ್ತ್ರಿಯವರೇ ಹೇಳಿದರು. ಹೇಳದಿದ್ದರೆ ಚೆನ್ನಾಗಿತ್ತು.

ಈ ದಂಡವನ್ನು ತೆತ್ತ ಮೇಲೆ ನಾನು ಹಿಡಿದಿರುವ ಪದ್ಧತಿಯನ್ನು ಹೇಳುತ್ತೇನೆ. ಮೈಸೂರಿನಲ್ಲಿ ಮಳೆಯ ರಭಸ ಎರಡು ಸಲ, ಮೇ ತಿಂಗಳ ಗುಡುಗುಮಳೆ ಒಂದು, ಅಕ್ಟೋಬರಿನದು ಒಂದು. ಯುಗಾದಿಗೆ ಮುಂಚೆ ಒಮ್ಮೆ, ನವರಾತ್ರಿಗೆ ಮುಂಚೆ ಒಮ್ಮೆ ಮಾಡನ್ನು ಹತ್ತುತ್ತೇನೆ. ಹಿಂದಿನವರು ಹಬ್ಬಕ್ಕೆಂದು ಸುಣ್ಣ ಬಳಿಯುತ್ತಿದ್ದುದರಲ್ಲಿ ಒಂದು ಗುಟ್ಟು ಇತ್ತು. ಬಳಿಯುವ ನೆಪದಲ್ಲಿ ಗೋಡೆಯ ಪ್ರತಿ ಮೊಳವೂ ಕಣ್ಣಿಗೆ ಬೀಳುತ್ತಿತ್ತು. ಇದಲ್ಲದೆ ವರ್ಷದ ಮೊದಲ ದೊಡ್ಡ ಮಳೆಯಲ್ಲಿ ಕೊಡೆ ಹಿಡಿದು ಮನೆಯನ್ನೊಂದು ಸುತ್ತು ಹಾಕುತ್ತೇನೆ. ಬಿಸಿಲಿನಲ್ಲಿ ನೂರು ಸಲ ನೋಡಿದರೂ ಕಾಣದ ದೋಷ ಮಳೆಯಲ್ಲಿ ಹತ್ತು ನಿಮಿಷದಲ್ಲಿ ಕಾಣುತ್ತದೆ. ಸೂರಿನ ನೀರು ಎಲ್ಲಿ ಬೀಳುತ್ತದೆ, ಬಿದ್ದದ್ದು ಗೋಡೆಯ ಬುಡಕ್ಕೆ ಹಿಂದಿರುಗುತ್ತದೆಯೆ, ಮೋರಿಗೆ ಹೋಗುತ್ತದೆಯೆ, ಇಷ್ಟನ್ನು ನೋಡಿದರೆ ಸಾಕು. ನೆರೆಯವರು ನನ್ನನ್ನು ನೋಡಿ ನಕ್ಕದ್ದುಂಟು. ಈಗ ಅವರಲ್ಲಿ ಇಬ್ಬರು ತಾವೂ ಕೊಡೆ ಹಿಡಿದು ಹೊರಡುತ್ತಾರೆ.

ಹೆಂಚಿನ ಮನೆಯವರಿಗೆ ಒಂದು ಮಾತು. ಬಾಸೆಲ್ ಮಿಷನ್ನಿನವರು ೧೮೬೫ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಎಷ್ಟೋ ಕಾರ್ಖಾನೆಗಳು ಎದ್ದವು. ಒಂದರ ಅಚ್ಚು ಇನ್ನೊಂದಕ್ಕೆ ಸರಿಯಾಗಿ ಕೂಡುವುದಿಲ್ಲ. ಬೆನ್ನಿನ ಮೇಲಿರುವ ಮುದ್ರೆಯನ್ನು ನೋಡಿ, ಅದೇ ಅಚ್ಚಿನ ಹಳೆಯ ಹೆಂಚುಗಳು ಎಲ್ಲಾದರೂ ಸಿಕ್ಕಿದರೆ ಇಪ್ಪತ್ತು ಮೂವತ್ತನ್ನು ಕೊಂಡಿಡಬೇಕು. ಒಂದು ಹೆಂಚು ಒಡೆದರೆ ಅದರ ಸ್ಥಳದಲ್ಲಿ ಪ್ಲಾಸ್ಟಿಕ್ ಹಾಳೆ ತುರುಕಿ ವರ್ಷ ಕಳೆಯುವುದು ಬೇಡ. ಅಷ್ಟರಲ್ಲಿ ಕೆಳಗಿನ ರೀಪು ಕೊಳೆಯುತ್ತದೆ.

ಕಾಂಕ್ರೀಟು ಮಾಡಿನವರು ತಮಗೆ ಈ ಚಿಂತೆಯಿಲ್ಲವೆಂದು ತಿಳಿಯಬಾರದು. ಬಿರುಕಿನಲ್ಲಿ ಇಳಿದ ನೀರು ಒಳಗಿನ ಕಬ್ಬಿಣವನ್ನು ಮುಟ್ಟಿದರೆ ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಸ್ಥಳವನ್ನು ಬೇಡುವುದರಿಂದ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಮಾಡಿನ ಮೇಲೆ ಹೂವಿನ ಕುಂಡಗಳನ್ನು ನೇರವಾಗಿ ಇಡುವುದು, ಮೇಲಿನ ತೊಟ್ಟಿ ತುಂಬಿ ಹರಿಯುತ್ತಿದ್ದರೂ ಪಂಪನ್ನು ನಿಲ್ಲಿಸದಿರುವುದು, ಇವು ಕೈಯಾರೆ ಮಳೆಗಾಲವನ್ನು ತಂದುಕೊಂಡಂತೆ. ಚಾವಣಿಯಲ್ಲಿ ಕಲೆ ಕಂಡರೆ ಬಣ್ಣದ ಅಂಗಡಿಗೆ ಓಡಬೇಡಿ. ಮೊದಲು ಮೇಲೆ ಹತ್ತಿರಿ.

ಕೊಳಾಯಿಯ ತೊಟ್ಟಿಕ್ಕುವಿಕೆಯೂ ಸಣ್ಣದೆಂದು ತೋರುತ್ತದೆ. ನಮ್ಮ ಬಚ್ಚಲಿನದರ ಕೆಳಗೆ ಒಂದು ರಾತ್ರಿ ಬಿಂದಿಗೆಯಿಟ್ಟೆ. ಬೆಳಗ್ಗೆ ಅದು ಅರ್ಧ ತುಂಬಿತ್ತು. ವಾಷರಿನ ಬೆಲೆ ಒಂದು ಕಾಫಿಯ ಬೆಲೆಗಿಂತ ಕಡಮೆ. ನೀರಿನ ಬಿಲ್ಲು ಹಾಗಿರಲಿ, ಆ ತೇವಕ್ಕೆ ಹಿಂದಿನ ಗೋಡೆಯಲ್ಲಿ ಗೆದ್ದಲಿನ ಮಣ್ಣಿನ ದಾರವೊಂದು ಬಾಗಿಲ ಚೌಕಟ್ಟಿನವರೆಗೆ ಏರಿತ್ತು. ಗೋಡೆಗೆ ಒರಗಿಸಿ ಸೌದೆಯನ್ನೋ ಹಳೆಯ ಹಲಗೆಯನ್ನೋ ಒಟ್ಟಿದವರೂ ಅದನ್ನು ಒಮ್ಮೆ ಸರಿಸಿ ನೋಡುವುದು ಒಳಿತು.

ಹಣದ ಏರ್ಪಾಡು ಹೇಗೆಂದು ಕೇಳಬಹುದು. ಆ ಅಕ್ಟೋಬರಿನ ಅನಂತರ, ಈ ಮನೆಗೆ ನಾನೇ ಬಾಡಿಗೆದಾರನೆಂದು ಭಾವಿಸಿ ಪ್ರತಿ ತಿಂಗಳೂ ಎರಡು ಸಾವಿರ ರೂಪಾಯಿಗಳನ್ನು ಬೇರೊಂದು ಖಾತೆಗೆ ಹಾಕುತ್ತಿದ್ದೇನೆ. ಅದು ಮನೆಯ ಹಣ, ನನ್ನದಲ್ಲ. ಕಳೆದ ಆರು ವರ್ಷಗಳಲ್ಲಿ ಅದರಲ್ಲಿ ಅರ್ಧವೂ ಖರ್ಚಾಗಿಲ್ಲ. ಪುಸ್ತಕದಲ್ಲಿ ಖರ್ಚಿನ ಜೊತೆಗೆ ಕೆಲಸ ಮಾಡಿದವರ ಹೆಸರು, ಬಳಸಿದ ವಸ್ತು, ಗಾರೆಯ ಪ್ರಮಾಣ, ಇವನ್ನೂ ಬರೆಯುತ್ತೇನೆ. ಆ ಮೇಸ್ತ್ರಿಯವರು ಈಗ ಇಲ್ಲ. ಅವರು ಹೇಳಿದ ಪಾಕ ನನ್ನ ಪುಸ್ತಕದಲ್ಲಿದೆ. ಅವರ ಮೊಮ್ಮಗ ಹೋದ ವರ್ಷ ಬಂದು ಅದನ್ನು ನಕಲು ಮಾಡಿಕೊಂಡು ಹೋದ.

ತಾಯಿಯವರು ಮತ್ತೆ ಆ ಹಿಂದಿನ ಕೋಣೆಯಲ್ಲೇ ಮಲಗುತ್ತಾರೆ. ಬೋಗುಣಿಯನ್ನು ಮಾತ್ರ ಅಟ್ಟಕ್ಕೆ ಹಾಕಲು ಒಪ್ಪಿಲ್ಲ. ಮಂಚದ ಕೆಳಗೆ ಇಟ್ಟುಕೊಂಡಿದ್ದಾರೆ. ಮೊನ್ನೆ ಪಶ್ಚಿಮಕ್ಕೆ ಮೋಡ ಕಟ್ಟಿದಾಗ “ಹೊರಗಂಡಿ ನೋಡಿದೆಯೇನಪ್ಪ?” ಎಂದು ಕೇಳಿದರು. ನೋಡಿರಲಿಲ್ಲ. ಏಣಿಯನ್ನು ತೆಗೆದುಕೊಂಡು ಹೋದೆ. ಎರಡು ಹಿಡಿ ಎಲೆಗಳೂ ಒಂದು ಅರಳಿಯ ಸಸಿಯೂ ಸಿಕ್ಕಿದವು.