ಬೇಸಿಗೆ ಕೈತೋಟಕ್ಕೆ ನೆಲದ ಸಿದ್ಧತೆ

ಮೈಸೂರಿನಲ್ಲಿ ಸಂಕ್ರಾಂತಿ ಕಳೆದು ಶಿವರಾತ್ರಿ ಸಮೀಪಿಸಿದಂತೆ ಚಳಿ ಇಳಿಯುತ್ತದೆ. ಬೆಂಡೆ, ಹೀರೆ, ಸೌತೆ, ದಂಟು ಬಿತ್ತಲು ಇದು ಸಕಾಲ. ಆದರೆ ಹೊಸ ಬಡಾವಣೆಗಳಲ್ಲಿ ಕೈತೋಟ ಕೆಡುವುದು ಬಹುಮಟ್ಟಿಗೆ ಬೀಜದಿಂದಲ್ಲ, ನೆಲದಿಂದ. ಮನೆ ಕಟ್ಟಿದ ಮೇಲೆ ಹಿತ್ತಲಲ್ಲಿ ಉಳಿಯುವುದು ಪಾಯ ತೋಡಿದ ಅಡಿಮಣ್ಣು, ಇಟ್ಟಿಗೆ ಚೂರು, ಸಿಮೆಂಟು ಗಾರೆ. ಗಾರೆಯ ಸುಣ್ಣದ ಅಂಶ ಹೆಚ್ಚಾದಲ್ಲಿ ಗಿಡಕ್ಕೆ ಕಬ್ಬಿಣ ದಕ್ಕುವುದಿಲ್ಲ; ಎಳೆಯ ಎಲೆಗಳು ಹಳದಿಯಾಗಿ, ನರಗಳಷ್ಟೇ ಹಸುರಾಗಿ ಉಳಿಯುತ್ತವೆ. ಇದನ್ನು ಕಂಡು ಯೂರಿಯಾ ಸುರಿಯುವವರೇ ಹೆಚ್ಚು. ಅದು ದುಡ್ಡು ದಂಡ.

ಬಿತ್ತನೆಗೆ ಮೂರು ವಾರ ಮೊದಲೇ ಒಂದು ಅಡಿ ಆಳ ಅಗೆದು, ಗಾರೆ ಚೂರುಗಳನ್ನು ಆಯ್ದು ಹೊರಹಾಕಿ, ಮಣ್ಣನ್ನು ಬಿಸಿಲಿಗೆ ಬಿಡಬೇಕು. ಆಮೇಲೆ ಚದರ ಮೀಟರಿಗೆ 2ರಿಂದ 3 ಕಿಲೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಬೇಕು. ಹಸಿ ಸಗಣಿ ಬೇಡ. ಗೊಣ್ಣೆಹುಳು, ಗೆದ್ದಲು ಸೇರಿಕೊಳ್ಳುತ್ತವೆ.

ಏರುಮಡಿ ಮಳೆಗಾಲಕ್ಕೆ ಸರಿ. ಬೇಸಿಗೆಗೆ ನೆಲಮಟ್ಟಕ್ಕಿಂತ ಮೂರು ನಾಲ್ಕು ಅಂಗುಲ ತಗ್ಗಾದ ಮಡಿಯೇ ಲೇಸು. ಹಾಕಿದ ನೀರು ಬುಡದಲ್ಲೇ ನಿಲ್ಲುತ್ತದೆ. ಅಕ್ಕಿ, ತರಕಾರಿ ತೊಳೆದ ನೀರನ್ನು ಧಾರಾಳವಾಗಿ ಹಾಕಬಹುದು. ಬಟ್ಟೆ ಒಗೆದ ಸೋಪಿನ ನೀರು ಮಾತ್ರ ಈ ನೆಲಕ್ಕೆ ಆಗದು. ಏಪ್ರಿಲ್ ತಿಂಗಳಿನಲ್ಲಿ ನಲ್ಲಿ ನೀರು ಎಷ್ಟು ಬರುವುದೆಂದು ಮನೆಯವರಿಗೇ ಗೊತ್ತು. ಅದಕ್ಕೆ ತಕ್ಕಂತೆ ಎರಡೇ ಮಡಿ ಮಾಡಿದರೂ ಸಾಕು.